ಹೂತ ಇಂಧನ ಟ್ಯಾಂಕು ಮತ್ತು ಬಾವಿಯ ನೀರು

ಪೆಟ್ರೋಲ್ ಬಂಕ್ ಮುಚ್ಚಿ ಎಷ್ಟೋ ವರ್ಷಗಳಾದರೂ ಅದರ ಉಕ್ಕಿನ ಟ್ಯಾಂಕು ಕೆಲವೆಡೆ ನೆಲದೊಳಗೆಯೇ ಉಳಿದಿರುತ್ತದೆ. ತುಕ್ಕು ಹಿಡಿದ ಟ್ಯಾಂಕಿನಿಂದ ಅಥವಾ ಕೊಳವೆಯ ಜೋಡಣೆಯಿಂದ ಎಣ್ಣೆ ಹನಿಹನಿಯಾಗಿ ಸೋರಿದರೆ ಮೇಲಿನವರಿಗೆ ತಿಳಿಯುವುದಿಲ್ಲ. ಅಮೆರಿಕದಲ್ಲಿ 1984ರಲ್ಲಿ ಇಂತಹ ಟ್ಯಾಂಕುಗಳಿಗೆ ಕಾನೂನು ಬಂದ ನಂತರ 5 ಲಕ್ಷಕ್ಕೂ ಹೆಚ್ಚು ಸೋರಿಕೆಗಳು ದೃಢಪಟ್ಟಿವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ರೈತರು ಈ ವಿಷಯವನ್ನು ತಿಳಿದಿರುವುದು ಅವಶ್ಯ. ಇದಕ್ಕೆ ಕಾರಣ ಅಲ್ಲಿಯ ನೆಲದ ರಚನೆ.

ನೆಲದ ರಚನೆ

ಕಾಗಿಣಾ ನದಿಯ ಈ ಸೀಮೆಯ ಬಹುಭಾಗದಲ್ಲಿ ಎರೆ ಮಣ್ಣಿನ ಕೆಳಗೆ ಸುಣ್ಣಕಲ್ಲಿದೆ. ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲು ಇದೇ. ಕಲ್ಲುಗಣಿಯ ಅಂಚಿನಲ್ಲಿ ನಿಂತು ನೋಡಿದರೆ ಒಂದರ ಮೇಲೊಂದು ಮಲಗಿದ ಪದರಗಳೂ ಅವುಗಳನ್ನು ಸೀಳಿದ ನೆಟ್ಟನೆಯ ಬಿರುಕುಗಳೂ ಕಾಣುತ್ತವೆ. ಅಂತರ್ಜಲ ಈ ಸಂದುಗಳಲ್ಲಿಯೇ ನಿಂತು ಹರಿಯುತ್ತದೆ. ಚಿಂಚೋಳಿಯ ಕೆಲ ಭಾಗಗಳಲ್ಲಿ ಜಂಬಿಟ್ಟಿಗೆ ಮತ್ತು ಕಪ್ಪುಕಲ್ಲು ಇದ್ದು, ಅಲ್ಲಿಯೂ ನೀರಿಗೆ ಬಿರುಕುಗಳೇ ಮುಖ್ಯ ದಾರಿ.

ಮರಳು ನೆಲದಲ್ಲಿ ಎಣ್ಣೆ ನಿಧಾನವಾಗಿ ಸುತ್ತ ಹರಡುತ್ತದೆ. ಸುಣ್ಣಕಲ್ಲಿನಲ್ಲಿ ಅದು ಬಿರುಕು ಹಿಡಿದು ಸಾಗುತ್ತದೆ. ಆದುದರಿಂದ ಟ್ಯಾಂಕಿನ ಪಕ್ಕದ ಬಾವಿ ಚೆನ್ನಾಗಿದ್ದು, ದೂರದ ಕೊಳವೆ ಬಾವಿ ಕೆಟ್ಟಿರಬಹುದು. ಹತ್ತಿರದ ಒಂದು ಬಾವಿಯ ನೀರನ್ನು ಮಾತ್ರ ನೋಡಿ ದೋಷವಿಲ್ಲ ಎಂದು ತೀರ್ಮಾನಿಸಬಾರದು. ಬೇಸಿಗೆಯಲ್ಲಿ ಎರೆ ಭೂಮಿ ಬಿರಿಯುವುದರಿಂದ ಮೇಲೆ ಚೆಲ್ಲಿದ ಎಣ್ಣೆಯೂ ಬೇಗ ಕೆಳಗಿಳಿಯುತ್ತದೆ.

ಅಪಾಯ ಎಷ್ಟು?

ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 1 ಲೀಟರು ಕುಡಿಯುವ ನೀರಿನಲ್ಲಿ ಇದು 0.01 ಮಿ.ಗ್ರಾಂ. ಮೀರಬಾರದು. ಎಂದರೆ 1 ಗ್ರಾಂ ಬೆಂಜೀನ್ 1 ಲಕ್ಷ ಲೀಟರು ನೀರನ್ನು ಈ ಮಿತಿಗೆ ಮುಟ್ಟಿಸಲು ಸಾಕು. ಇಷ್ಟು ಅಲ್ಪ ಪ್ರಮಾಣ ವಾಸನೆಯಿಂದ ತಿಳಿಯುವುದಿಲ್ಲ.

ಗುರುತುಗಳು

ನೀರಿಗೆ ಎಣ್ಣೆಯ ವಾಸನೆ, ಮೇಲೆ ಬಣ್ಣಬಣ್ಣದ ಪೊರೆ, ಟ್ಯಾಂಕಿನ ಸುತ್ತ ಗಿಡಗಂಟಿ ಒಣಗುವುದು ಮುಖ್ಯ ಗುರುತುಗಳು. ಕಬ್ಬಿಣದ ಅಂಶದ ನೀರಿನ ಮೇಲೂ ಇಂತಹ ಪೊರೆ ಕಟ್ಟುವುದುಂಟು. ಕಡ್ಡಿಯಿಂದ ಕದಡಿದಾಗ ಪೊರೆ ಚೂರುಚೂರಾಗಿ ಒಡೆದರೆ ಅದು ಕಬ್ಬಿಣದ್ದು. ಮತ್ತೆ ಕೂಡಿಕೊಂಡರೆ ಎಣ್ಣೆಯದು.

ತನಿಖೆಯ ಕ್ರಮ

1. ಟ್ಯಾಂಕು ಎಲ್ಲಿತ್ತು, ಯಾವ ಇಂಧನ ತುಂಬುತ್ತಿದ್ದರು, ಯಾವಾಗ ಮುಚ್ಚಿದರು ಎಂಬುದನ್ನು ದಾಖಲೆಗಳಿಂದಲೂ ಹಿರಿಯರಿಂದಲೂ ತಿಳಿಯಬೇಕು. 2000ದ ಫೆಬ್ರವರಿಗೆ ಮೊದಲು ಮುಚ್ಚಿದ ಬಂಕ್ ಆಗಿದ್ದರೆ ಮಣ್ಣಿನಲ್ಲಿ ಸೀಸವನ್ನೂ ಪರೀಕ್ಷಿಸಬೇಕು. ಅಲ್ಲಿಯವರೆಗೆ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ ಮಾರಾಟದಲ್ಲಿತ್ತು.

2. ಸುತ್ತಲಿನ ಎಲ್ಲ ಬಾವಿ, ಕೊಳವೆ ಬಾವಿ, ನೀರು ನಿಂತ ಹಳೆಯ ಗಣಿಗಳನ್ನು ನಕ್ಷೆಯಲ್ಲಿ ಗುರುತಿಸಿ ನೀರಿನ ಮಟ್ಟ ಅಳೆಯಬೇಕು. ಇದರಿಂದ ನೀರು ಹರಿಯುವ ದಿಕ್ಕು ತಿಳಿಯುತ್ತದೆ. ಗಣಿಯಲ್ಲಿ ಬಿರುಕುಗಳು ಸಾಗಿರುವ ದಿಕ್ಕನ್ನೂ ನೋಡಬೇಕು.

3. ಟ್ಯಾಂಕಿನ ತಳಮಟ್ಟದಿಂದ ಕಲ್ಲಿನವರೆಗೆ ಬೇರೆ ಬೇರೆ ಆಳದ ಮಣ್ಣಿನ ಮಾದರಿ ತೆಗೆಯಬೇಕು. ಗೊಬ್ಬರದ ಶಿಫಾರಸಿಗೆ ಮಾಡುವಂತೆ ಮಣ್ಣನ್ನು ಬೆರೆಸಿ, ನೆರಳಲ್ಲಿ ಒಣಗಿಸಿ, ಬಟ್ಟೆಯ ಚೀಲಕ್ಕೆ ತುಂಬಬಾರದು. ಹಾಗೆ ಮಾಡಿದರೆ ಹುಡುಕಬೇಕಾದ ವಸ್ತುವೇ ಆವಿಯಾಗಿ ಹೋಗುತ್ತದೆ.

4. ನೀರಿನ ಮಾದರಿಯನ್ನು ಗಾಜಿನ ಶೀಸೆಯಲ್ಲಿ ಗಾಳಿಗುಳ್ಳೆ ಉಳಿಯದಂತೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು ಕಳಿಸಬೇಕು. ಸಾಮಾನ್ಯ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಈ ಪರೀಕ್ಷೆ ಆಗುವುದಿಲ್ಲ. ಗ್ಯಾಸ್ ಕ್ರೊಮೆಟೋಗ್ರಾಫ್ ಯಂತ್ರವಿರುವ ಮಾನ್ಯತೆ ಪಡೆದ ಪ್ರಯೋಗಾಲಯವೇ ಬೇಕು.

5. ಪೆಟ್ರೋಲ್, ಡೀಸೆಲ್ ನೀರಿಗಿಂತ ಹಗುರ. ಬೇಸಿಗೆಯಲ್ಲಿ ನೀರಿನೊಡನೆ ಕೆಳಗಿಳಿದು, ಮಳೆಗಾಲದಲ್ಲಿ ಮೇಲೇರುತ್ತವೆ. ಆದ್ದರಿಂದ ಮುಂಗಾರಿನ ಮುಂಚೆ ಒಮ್ಮೆ, ನಂತರ ಒಮ್ಮೆ ಮಾದರಿ ತೆಗೆಯಬೇಕು.

ಎಚ್ಚರಿಕೆ

ವಾಸನೆ ಬರುವ ಬಾವಿಗೆ ಇಳಿಯಬಾರದು; ಹತ್ತಿರ ಬೀಡಿ, ಬೆಂಕಿಕಡ್ಡಿ ಹಚ್ಚಬಾರದು. ನೀರನ್ನು ಜನರೂ ದನಕರುಗಳೂ ಕುಡಿಯುವುದನ್ನು ಕೂಡಲೇ ನಿಲ್ಲಿಸಬೇಕು. ಮನೆಯಲ್ಲಿ ಕುದಿಸುವುದು ಪರಿಹಾರವಲ್ಲ. ಆವಿ ಅಡುಗೆಮನೆಯಲ್ಲಿ ತುಂಬುತ್ತದೆ. "ಎಣ್ಣೆ ಹೋಗಲಿ" ಎಂದು ಪಂಪು ನಡೆಸಿದರೆ ದೂರದ ಎಣ್ಣೆಯೂ ಬಾವಿಯ ಕಡೆಗೆ ಸೆಳೆದು ಬರಬಹುದು. ಹಳೆಯ ಟ್ಯಾಂಕನ್ನು ಗುಜರಿಗಾಗಿ ಕತ್ತರಿಸುವುದು ಪ್ರಾಣಕ್ಕೆ ಅಪಾಯ. ಒಳಗೆ ಉಳಿದ ಆವಿ ಸಿಡಿಯುತ್ತದೆ.

ಸಂಶಯ ಬಂದಾಗ ಗ್ರಾಮ ಪಂಚಾಯಿತಿ ಅಥವಾ ಪುರಸಭೆಗೆ, ಜಿಲ್ಲಾಡಳಿತಕ್ಕೆ ಮತ್ತು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರಹದಲ್ಲಿ ತಿಳಿಸಬೇಕು. 2025ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕಲುಷಿತ ಸ್ಥಳಗಳ ನಿಯಮಗಳ ಪ್ರಕಾರ ಸಂಶಯಿತ ಸ್ಥಳಗಳನ್ನು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಗುರುತಿಸಬೇಕು, ಮಂಡಳಿ ಪರಿಶೀಲಿಸಬೇಕು. ಅರ್ಜಿಯೊಡನೆ ಬಾವಿಗಳ ನಕ್ಷೆ, ವಾಸನೆ ಕಂಡ ದಿನಾಂಕ ಮತ್ತು ನೀರಿನ ಮಟ್ಟದ ವಿವರ ಕೊಟ್ಟರೆ ತನಿಖೆ ಸುಲಭವಾಗುತ್ತದೆ. ಒಂದು ಬಿರುಕು ಹಲವರ ಹೊಲಗಳ ಕೆಳಗೆ ಹಾಯುವುದರಿಂದ ರೈತರು ಒಟ್ಟಾಗಿ ಅರ್ಜಿ ಕೊಡುವುದು ಒಳ್ಳೆಯದು.