ಕರಬೂಜ ಯಾಕೆ ಸಪ್ಪೆ?

ಶ್ರೀರಾಮನವಮಿ ದಿನ ನಂಜನಗೂಡು, ಟಿ. ನರಸೀಪುರದ ಕಡೆ ಪಾನಕ, ಮಜ್ಜಿಗೆ, ಕೋಸಂಬರಿ ಹಂಚುತ್ತಾರೆ. ಪಾನಕಕ್ಕೆ ಕೆಲವರು ಬೇಲದ ಹಣ್ಣು ಹಾಕುತ್ತಾರೆ. ಕೆಲವರು ಕರಬೂಜ ಹಾಕುತ್ತಾರೆ. ಬಿಸಿಲಲ್ಲಿ ಬಂದವರಿಗೆ ಒಂದು ಲೋಟ ಕುಡಿದರೆ ಜೀವ ಬಂದ ಹಾಗೆ. ಕರಬೂಜದಲ್ಲಿ ನೂರಕ್ಕೆ 90 ಪಾಲು ನೀರೇ ಇದೆ.

ಆದರೆ ಅಕ್ಕ, ದುಡ್ಡು ಕೊಟ್ಟು ತಂದ ಹಣ್ಣು ಒಂದೊಂದು ಸಲ ಸಪ್ಪೆ ಇರುತ್ತದಲ್ಲ, ಯಾಕೆ?

ನಮ್ಮ ರಸಬಾಳೆಯನ್ನು ನೆನೆಸಿಕೊಳ್ಳೋಣ. ಬಾಳೆಗೊನೆಯನ್ನು ಕಾಯಿ ಇರುವಾಗಲೇ ಕಡಿಯುತ್ತೇವೆ. ಮನೆಯಲ್ಲಿ ಇಟ್ಟರೆ ಹಣ್ಣಾಗುತ್ತದೆ, ಸಿಹಿಯೂ ಆಗುತ್ತದೆ. ಬಾಳೆಕಾಯಿಯಲ್ಲಿ ಹಿಟ್ಟಿನ ಅಂಶ ತುಂಬಿರುತ್ತದೆ. ಆ ಹಿಟ್ಟೇ ಸಕ್ಕರೆ ಆಗುತ್ತದೆ. ಕರಬೂಜ ಹಾಗಲ್ಲ. ಅದರ ಕಾಯಿಯಲ್ಲಿ ಹಿಟ್ಟಿನ ದಾಸ್ತಾನು ಇಲ್ಲ. ಬಳ್ಳಿಯ ಎಲೆಗಳು ಬಿಸಿಲಿನಲ್ಲಿ ಸಕ್ಕರೆ ಮಾಡಿ ಕಾಯಿಗೆ ಕಳಿಸುತ್ತವೆ. ಕೊನೆಯ ದಿನಗಳಲ್ಲೇ ಸಿಹಿ ಹೆಚ್ಚು ಸೇರುವುದು. ಕಿತ್ತ ಮೇಲೆ ಆ ದಾರಿ ಮುಚ್ಚಿತು. ಆಮೇಲೆ ಹಣ್ಣು ಮೆತ್ತಗಾಗುತ್ತದೆ, ಘಮ ಬರುತ್ತದೆ. ಸಿಹಿ ಮಾತ್ರ ಹೆಚ್ಚುವುದಿಲ್ಲ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೂ ಅಷ್ಟೇ.

ಲಾರಿ ಬಂತು ಅಂತ ಎಳೆಕಾಯಿ ಕೀಳಿಸಿದರೆ ಕೊಳ್ಳುವವರಿಗೆ ಮೋಸ. ಮುಂದಿನ ಸಲ ಅವರು ಬರುವುದೂ ಇಲ್ಲ. ಮೈಮೇಲೆ ಬಲೆಯಂಥ ಗೆರೆ ಇರುವ ಜಾತಿಯಲ್ಲಿ ಬಲಿತದ್ದು ಸುಲಭವಾಗಿ ಗೊತ್ತಾಗುತ್ತದೆ. ತೊಟ್ಟಿನ ಸುತ್ತ ಬಿರುಕು ಬಿಡುತ್ತದೆ. ಹಗುರವಾಗಿ ಎತ್ತಿದರೆ ಸಾಕು, ಬಳ್ಳಿಯಿಂದ ಕಳಚಿಕೊಳ್ಳುತ್ತದೆ. ಸಂತೆಯಲ್ಲಿಯೂ ತೊಟ್ಟಿನ ಜಾಗ ನೋಡಿ. ಅಲ್ಲಿ ದುಂಡಗೆ, ನಯವಾದ ಗುಳಿ ಇದ್ದು ಘಮ ಬಂದರೆ ತನ್ನಿ. ಚಾಕುವಿನಿಂದ ಕತ್ತರಿಸಿದ ತೊಟ್ಟು ಅಂಟಿಕೊಂಡಿದ್ದರೆ ಯೋಚನೆ ಮಾಡಿ.

ಬೆಳೆಯುವವರಿಗೆ ಇನ್ನೊಂದು ಮಾತು. ಚಳಿ ಕಳೆಯುವಾಗ ಬಿತ್ತಿದರೆ ಸುಮಾರು ಮೂರು ತಿಂಗಳಿಗೆ ಹಣ್ಣು ಬರುತ್ತದೆ. ನೀರು ನಿಲ್ಲದ ಮರಳು ಮಿಶ್ರಿತ ಮಣ್ಣು ಒಳ್ಳೆಯದು. ಕಾಯಿ ಹಣ್ಣಾಗುವಾಗ ನೀರು ಕಡಿಮೆ ಮಾಡಬೇಕು. ಆಗ ನೀರು ಜಾಸ್ತಿ ಆದರೂ ರುಚಿ ಸಪ್ಪೆ, ಹಣ್ಣು ಸೀಳುತ್ತದೆ. ಮೊದಲು ಬರುವ ಹೂವೆಲ್ಲ ಗಂಡು ಹೂ. ಅವು ಉದುರಿದರೆ ಹೆದರಬೇಡಿ. ಕಾಯಿ ಕಟ್ಟಲು ಜೇನುನೊಣ ಬೇಕೇ ಬೇಕು. ಜೇನು ಬರುವುದು ಬೆಳಗಿನ ಹೊತ್ತು. ಆಗ ಔಷಧಿ ಹೊಡೆದರೆ ಜೇನೂ ಸತ್ತಿತು, ಫಸಲೂ ಹೋಯಿತು. ಹೊಡೆಯಲೇಬೇಕಾದರೆ ಸಂಜೆ ಹೊಡೆಯಿರಿ.

ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಅರ್ಕಾ ರಾಜಹಂಸ, ಅರ್ಕಾ ಜೀತ್ ಎಂಬ ಕರಬೂಜದ ತಳಿಗಳು ಅಲ್ಲಿಯವು. ಇಂಥ ತಳಿಯ ಬೀಜವನ್ನು ನಾವೇ ಎತ್ತಿಟ್ಟುಕೊಳ್ಳಬಹುದು. ಹೈಬ್ರಿಡ್ ಬೀಜಕ್ಕೆ ಅದು ಆಗುವುದಿಲ್ಲ. ಪಕ್ಕದಲ್ಲಿ ಕೆಕ್ಕರಿಕೆ ಬಳ್ಳಿ ಮಾತ್ರ ಇರಬಾರದು. ಕೆಕ್ಕರಿಕೆ, ಕರಬೂಜ ಒಂದೇ ಕುಲ. ಜೇನುನೊಣ ಎರಡನ್ನೂ ಬೆರೆಸಿಬಿಡುತ್ತದೆ. ಈ ವರ್ಷದ ಹಣ್ಣಿನ ರುಚಿ ಕೆಡುವುದಿಲ್ಲ. ಅದರ ಬೀಜ ಬಿತ್ತಿದಾಗ ಬೇರೆಯದೇ ಕಾಯಿ ಬರುತ್ತದೆ.

ಹಣ್ಣು ಕುಯ್ಯುವ ಮೊದಲು ಸಿಪ್ಪೆಯನ್ನು ಉಜ್ಜಿ ತೊಳೆಯಿರಿ. "ಸಿಪ್ಪೆ ತಿನ್ನಲ್ಲವಲ್ಲ, ಯಾಕೆ ತೊಳೀಬೇಕು?" ಅಂತ ಕೇಳುತ್ತೀರಿ. ಮಣ್ಣಿನ ಮೇಲೆ ಬೆಳೆದ ಹಣ್ಣು ಇದು. ಗೆರೆಗಳ ಸಂದಿಯಲ್ಲಿ ರೋಗಾಣು ಕೂತಿರುತ್ತದೆ. ಚಾಕುವಿನ ಜೊತೆ ಒಳಗೆ ಹೋಗುತ್ತದೆ. 2011ರಲ್ಲಿ ಅಮೆರಿಕದಲ್ಲಿ ರೋಗಾಣು ಅಂಟಿದ ಕರಬೂಜ ತಿಂದು 30ಕ್ಕೂ ಹೆಚ್ಚು ಜನ ಸತ್ತರು. ಆ ರೋಗಾಣು ಬಸುರಿಯರಿಗೆ, ಹೊಟ್ಟೆಯಲ್ಲಿರುವ ಕೂಸಿಗೆ ಬಹಳ ಅಪಾಯ. ಕುಯ್ದ ಹಣ್ಣನ್ನು ಮುಚ್ಚಿಡಿ, ಬೇಗ ತಿಂದು ಮುಗಿಸಿ. ರಸ್ತೆ ಬದಿ ನೊಣ ಕೂತ ಹೋಳು ಅಗ್ಗ ಅಂತ ಮಕ್ಕಳಿಗೆ ಕೊಡಿಸಬೇಡಿ.

ಬೀಜ ಎಸೆಯಬೇಡಿ. ತೊಳೆದು, ನೆರಳಲ್ಲಿ ಒಣಗಿಸಿ, ಸಿಪ್ಪೆ ಬಿಡಿಸಿದರೆ ಒಳಗಿನ ತಿರುಳು ತಿನ್ನಲು ಬಲು ರುಚಿ.