ಹೊಸ ಲ್ಯಾಪ್‌ಟಾಪ್ ಕೆಟ್ಟಾಗ

ಹಳೆಯ ಯಂತ್ರ ಕೆಟ್ಟರೆ ಯಾರಿಗೂ ಆಶ್ಚರ್ಯವಾಗದು. ಸವೆದುದು ಕೆಡುವುದು ಸಹಜ. ಆದರೆ ಕೊಂಡು ತಿಂಗಳು ತುಂಬದ ಲ್ಯಾಪ್‌ಟಾಪ್ ಕೂಡ ಕೆಡುವುದುಂಟು. ಕೊಂಡವರು ತಮ್ಮ ಹಣೆಬರಹವನ್ನು ಹಳಿದುಕೊಳ್ಳುತ್ತಾರೆ. ವಾಸ್ತವವಾಗಿ ಇದು ಹಣೆಬರಹದ ಮಾತಲ್ಲ. ಇದಕ್ಕೂ ಒಂದು ಕ್ರಮವಿದೆ.

ಒಂದೇ ಬಗೆಯ ಸಾವಿರಾರು ಯಂತ್ರಗಳು ಕಾಲ ಕಳೆದಂತೆ ಯಾವ ಪ್ರಮಾಣದಲ್ಲಿ ಕೆಡುತ್ತವೆಂಬುದನ್ನು ನಕ್ಷೆಯಲ್ಲಿ ಗುರುತಿಸಿದರೆ, ದೊರೆಯುವ ರೇಖೆ ಅನೇಕ ವೇಳೆ ಸ್ನಾನದ ತೊಟ್ಟಿಯ ಆಕಾರವನ್ನು ತಾಳುತ್ತದೆ. ಮೊದಲು ಎತ್ತರದಿಂದ ಇಳಿದು, ನಡುವೆ ಬಹುಕಾಲ ಸಮನಾಗಿದ್ದು, ಕೊನೆಗೆ ಮತ್ತೆ ಏರುತ್ತದೆ. ಕೊನೆಯ ಏರಿಕೆ ಮುಪ್ಪಿನದು; ಮೊದಲಿನ ಎತ್ತರ ಹುಟ್ಟುದೋಷಗಳದು. ಕಾರ್ಖಾನೆಯ ಪರೀಕ್ಷೆಯ ಜರಡಿಯಿಂದ ನುಸುಳಿದ ದೋಷಗಳು ಬಳಕೆಯ ಮೊದಲ ದಿನಗಳಲ್ಲಿ ಹೊರಬೀಳುತ್ತವೆ. ವಾರಂಟಿಯ ಅವಧಿ ಈ ದಿನಗಳನ್ನು ಒಳಗೊಂಡಿರುತ್ತದೆ. ಆದುದರಿಂದ ವಾರಂಟಿಯು ಅಂಗಡಿಯವರು ತೋರುವ ದಯೆಯಲ್ಲ. ನಾವು ಹಣ ತೆತ್ತು ಪಡೆದ ವಚನ.

ಈ ದೋಷಗಳಲ್ಲಿ ಒಂದನ್ನು ನೋಡೋಣ. ಸಿಲಿಕಾನ್ ಚಿಪ್ ತನ್ನ ಕೆಳಗಿನ ಹಲಗೆಗೆ ಬೆಸುಗೆಯ ಅತಿ ಸಣ್ಣ ಗುಂಡುಗಳಿಂದ ಅಂಟಿಕೊಂಡಿರುತ್ತದೆ. ಉಷ್ಣತೆ 50 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ 1 ಸೆಂಟಿಮೀಟರ್ ಉದ್ದದ ಸಿಲಿಕಾನ್ ಸುಮಾರು 0.0013 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ಉದ್ದದ ಹಲಗೆ ಸುಮಾರು 0.008 ಮಿಲಿಮೀಟರ್. ವ್ಯತ್ಯಾಸವು ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲಿನಷ್ಟು. ಒಳ್ಳೆಯ ಬೆಸುಗೆ ಈ ಸೆಳೆತವನ್ನು ತಾಳಿಕೊಳ್ಳುತ್ತದೆ. ಬೆಸುಗೆಯಲ್ಲಿ ಬಿರುಕಿದ್ದರೆ ಅದು ಬಿಸಿಯಲ್ಲಿ ಬಾಯ್ದೆರೆದು, ತಣಿದಾಗ ಮುಚ್ಚಿಕೊಳ್ಳಬಹುದು.

ತೊಡಕು ಹುಟ್ಟುವುದು ಇಲ್ಲಿಯೇ. ಅರ್ಧ ಗಂಟೆ ದುಡಿದ ಮೇಲೆ ಪರದೆ ಕಪ್ಪಾಗುವ ಲ್ಯಾಪ್‌ಟಾಪನ್ನು ಸರ್ವಿಸ್ ಸೆಂಟರಿಗೆ ಒಯ್ಯುವಷ್ಟರಲ್ಲಿ ಅದು ತಣಿದಿರುತ್ತದೆ. ಅಲ್ಲಿಯವರು ಐದು ನಿಮಿಷ ನಡೆಸಿ, ದೋಷವಿಲ್ಲವೆಂದು ಹಿಂದಿರುಗಿಸುತ್ತಾರೆ. ಅವರು ಸುಳ್ಳಾಡಿದರೆಂದಲ್ಲ; ದೋಷ ಕಾಣುವ ಪರಿಸ್ಥಿತಿ ಅಲ್ಲಿ ಒದಗಲಿಲ್ಲ, ಅಷ್ಟೆ. ಇತ್ತ ವಾರಂಟಿಯ ದಿನಗಳು ಕರಗುತ್ತಿರುತ್ತವೆ.

ಪ್ರಯೋಗಶಾಲೆಯ ಅಭ್ಯಾಸ ಇಲ್ಲಿ ನೆರವಿಗೆ ಬರುತ್ತದೆ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಾಯಿಸಿ ನೋಡಬೇಕು. ಪರದೆ ಕಪ್ಪಾದಾಗ ಹೊರಗಿನ ಮಾನಿಟರನ್ನು ಜೋಡಿಸೋಣ. ಅದರಲ್ಲಿ ಚಿತ್ರ ಸರಿಯಾಗಿ ಮೂಡಿದರೆ, ದೋಷ ಬಹುಶಃ ಪರದೆಯಲ್ಲಿ ಇಲ್ಲವೆ ಅದರ ಕೇಬಲ್‌ನಲ್ಲಿದೆ. ಎಷ್ಟು ಹೊತ್ತಿಗೆ, ಯಾವ ಕೆಲಸದಲ್ಲಿ, ಹತ್ತು ಸಲದಲ್ಲಿ ಎಷ್ಟು ಸಲ ಹೀಗಾಯಿತೆಂದು ಬರೆದಿಟ್ಟು, ಫೋನಿನಲ್ಲಿ ವಿಡಿಯೋ ತೆಗೆಯಬೇಕು. ಯಂತ್ರವನ್ನು ಬಿಚ್ಚತಕ್ಕದ್ದಲ್ಲ; ಬಿಚ್ಚಿದುದನ್ನೇ ನೆಪವಾಗಿಸಿ ವಾರಂಟಿಯನ್ನು ನಿರಾಕರಿಸಬಹುದು. ಒಪ್ಪಿಸುವ ಮುನ್ನ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು. ಪ್ರತಿ ಭೇಟಿಯಲ್ಲೂ ‘ಅರ್ಧ ಗಂಟೆಯ ಬಳಿಕ ಪರದೆ ಕಪ್ಪಾಗುತ್ತದೆ’ ಎಂದು ಸ್ಪಷ್ಟವಾಗಿ ಬರೆಸಿ, ಜಾಬ್ ಶೀಟಿನ ಪ್ರತಿಯನ್ನು ಪಡೆಯಬೇಕು.

ರಿಪೇರಿಯಾದ ಮೇಲೂ ಅದೇ ದೋಷ ಮರಳಿದರೆ, ಬೇರೆ ಯಂತ್ರವನ್ನು ಕೊಡುವಂತೆ ತಯಾರಕರಿಗೂ ಮಾರಿದವರಿಗೂ ಲಿಖಿತವಾಗಿ ಕೇಳಬಹುದು. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದಕ್ಕೂ ಮೇಲೆ, 2020ರ ಜುಲೈಯಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೋಷ ರುಜುವಾತಾದಲ್ಲಿ ಅದನ್ನು ನಿವಾರಿಸಲು, ಯಂತ್ರವನ್ನು ಬದಲಿಸಲು ಅಥವಾ ಹಣ ಹಿಂದಿರುಗಿಸಲು ಆಯೋಗವು ಆಜ್ಞಾಪಿಸಬಲ್ಲುದು.

‘ರುಜುವಾತಾದಲ್ಲಿ’ ಎಂಬ ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ದೋಷವಿದೆಯೆಂದು ಹೇಳುವುದು ಬೇರೆ, ತೋರಿಸಿಕೊಡುವುದು ಬೇರೆ. ವರ್ಷವಿಡೀ ಕೂಡಿಟ್ಟ ಹಣದಿಂದ ಲ್ಯಾಪ್‌ಟಾಪ್ ಕೊಂಡ ಮನೆಗೆ, ದಿನಾಂಕ ಹಾಕಿ ಬರೆದಿಟ್ಟ ಎರಡು ಪುಟಗಳು ಕೋಪದ ನೂರು ಮಾತುಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.