ಕರೆಂಟ್ ಹೋದರೂ ಎಣಿಕೆ ತಪ್ಪಬಾರದು

ತೋಟದ ಮಣ್ಣಿನ ತೇವ ಅಳೆಯುವ ಸೆನ್ಸರ್, ಕೊಳವೆಬಾವಿಯ ಪಂಪನ್ನು ದೂರದಿಂದಲೇ ಚಾಲೂ ಮಾಡುವ ಪೆಟ್ಟಿಗೆ, ಇಂಥವುಗಳ ಚಿಪ್‌ನಲ್ಲಿ ಎಷ್ಟೋ ಸಲ 10 ಕಿಲೋಬೈಟ್ ರ‍್ಯಾಮ್, 100 ಕಿಲೋಬೈಟ್ ಪ್ರೋಗ್ರಾಂ ಜಾಗ ಇದ್ದರೆ ಹೆಚ್ಚು. ಸೆನ್ಸರಂತೂ ಒಂದೇ ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯಬೇಕು. ಬ್ಯಾಂಕಿನ ಜಾಲತಾಣ ತೆರೆದಾಗ ಭದ್ರತೆಗಾಗಿ ನಮ್ಮ ಫೋನಿಗೆ ಬರುವ ಪ್ರಮಾಣಪತ್ರಗಳೇ ಕೆಲವು ಕಿಲೋಬೈಟ್ ತೂಗುತ್ತವೆ. ಇಂಥ ಹಲವು ಸಾಧನಗಳು ಬಳಸುವ ಲೋರಾವಾನ್ ರೇಡಿಯೊ ಜಾಲದಲ್ಲಿ, ಅತಿ ನಿಧಾನದ ವೇಗದಲ್ಲಿ, ಒಂದು ಸಂದೇಶಕ್ಕೆ ಸಿಗುವುದು 51 ಬೈಟ್. ಫೋನಿನ ದಾರಿ ಇಲ್ಲಿ ಹಿಡಿಸದು.

ಭಾರತದಲ್ಲಿ ಲೋರಾವಾನ್ ನಡೆಯುವುದು ಸುಮಾರು 865 ಮೆಗಾಹರ್ಟ್ಸ್‌ನಲ್ಲಿ. ಅಗ್ಗದ ರೇಡಿಯೊ ಇದ್ದವರು ಯಾರು ಬೇಕಾದರೂ ಅದನ್ನು ಕೇಳಿಸಿಕೊಳ್ಳಬಹುದು. ಹಾಗಾಗಿ ಸಾಧನಕ್ಕೂ ಸರ್ವರ್‌ಗೂ ಮಾತ್ರ ಗೊತ್ತಿರುವ 128 ಬಿಟ್‌ನ ಕೀಲಿಯನ್ನು ಮೊದಲೇ ತುಂಬಿರುತ್ತಾರೆ. ಸಂದೇಶವನ್ನು ಎಇಎಸ್ ಎಂಬ ಗೂಢಲಿಪಿ ವಿಧಾನದಲ್ಲಿ ಮುಚ್ಚಿ, ಕೊನೆಗೆ 4 ಬೈಟ್‌ನ ಮುದ್ರೆ ಒತ್ತಲಾಗುತ್ತದೆ. ನಡುವೆ ಯಾರಾದರೂ ಒಂದು ಬಿಟ್ ತಿದ್ದಿದರೂ ಮುದ್ರೆ ತಾಳೆಯಾಗುವುದಿಲ್ಲ.

ಇಷ್ಟು ಸಾಲದು. 'ಪಂಪ್ ಚಾಲೂ ಮಾಡು' ಎಂಬ ಸಂದೇಶವನ್ನು ಒಬ್ಬ ಹಾಗೇ ಹಿಡಿದಿಟ್ಟುಕೊಂಡು ನಡುರಾತ್ರಿ ಮತ್ತೆ ಹರಿಬಿಟ್ಟರೆ? ಅದನ್ನು ಓದಲು ಅವನಿಗೆ ಬಾರದಿದ್ದರೂ ಮುದ್ರೆ ಅಸಲಿಯೇ. ಇದನ್ನು ತಡೆಯಲು ಪ್ರತಿ ಸಂದೇಶಕ್ಕೂ ಏರುವ ಸಂಖ್ಯೆ ಇರುತ್ತದೆ. ಹಿಂದೆ ಬಂದದ್ದಕ್ಕಿಂತ ದೊಡ್ಡದಲ್ಲದ ಸಂಖ್ಯೆಯನ್ನು ಸಾಧನ ತಿರಸ್ಕರಿಸುತ್ತದೆ.

ನನ್ನ ಮಟ್ಟಿಗೆ, ಇಡೀ ಭದ್ರತೆಯಲ್ಲಿ ಹೆಚ್ಚು ಸೂಕ್ಷ್ಮವಾದ ಜಾಗ ಈ ಎಣಿಕೆ. ಪಂಪ್‌ಸೆಟ್ ಇರುವಲ್ಲಿ ಕರೆಂಟ್ ದಿನವೂ ಹೋಗುತ್ತದೆ. ಎಣಿಕೆಯನ್ನು ರ‍್ಯಾಮ್‌ನಲ್ಲಷ್ಟೇ ಇಟ್ಟುಕೊಂಡ ಸಾಧನ ಮತ್ತೆ ಸೊನ್ನೆಯಿಂದ ಶುರುಮಾಡುತ್ತದೆ. ಕೀಲಿ ಬದಲಾಗಿರದಿದ್ದರೆ ಹಳೆಯ ಸಂದೇಶಗಳೆಲ್ಲ ಮತ್ತೆ ಚಾಲ್ತಿಗೆ ಬಂದಂತೆ. ಇನ್ನೊಂದು ಹಾನಿಯೂ ಇದೆ: ಒಂದೇ ಕೀಲಿ, ಒಂದೇ ಸಂಖ್ಯೆಯಲ್ಲಿ ಎರಡು ಸಂದೇಶ ಮುಚ್ಚಿದರೆ, ಕದ್ದು ಕೇಳುವವನು ಅವೆರಡನ್ನೂ ಕೂಡಿಸಿ ಮುಚ್ಚಿಗೆಯನ್ನೇ ಕಳಚಬಹುದು. ಒಂದರ ಒಳಗಿನದು ತಿಳಿದರೆ ಇನ್ನೊಂದೂ ತಿಳಿಯಿತು.

ಫ್ಲ್ಯಾಶ್ ಮೆಮೊರಿಯಲ್ಲಿ ಬರೆದಿಡೋಣವೆಂದರೆ, ಹಲವು ಚಿಪ್‌ಗಳ ಫ್ಲ್ಯಾಶ್ ಸುಮಾರು 10,000 ಸಲ ಅಳಿಸಿ ಬರೆಯುವುದಕ್ಕಷ್ಟೇ ಖಾತರಿ. ಅದಕ್ಕೆ ಜಾಣ ಉಪಾಯವುಂಟು. ಕಳಿಸುವ ಎಣಿಕೆಯನ್ನು ನೂರು ಸಂದೇಶಕ್ಕೊಮ್ಮೆ ಬರೆದಿಟ್ಟು, ಕರೆಂಟ್ ಬಂದಾಗ ಬರೆದದ್ದಕ್ಕಿಂತ ನೂರು ಮುಂದೆ ಹಾರುವುದು. ಕೆಲವು ಸಂಖ್ಯೆಗಳು ಪೋಲಾಗುತ್ತವೆ, ಆದರೆ ಯಾವುದೂ ಮರುಕಳಿಸದು.

ಇನ್ನೊಂದು ದಾರಿ, ಕರೆಂಟ್ ಬಂದಾಗಲೆಲ್ಲ ಸರ್ವರ್‌ ಜತೆ ಹೊಸದಾಗಿ ಸೇರಿ ಆ ಅವಧಿಗೆ ಹೊಸ ಕೀಲಿಗಳನ್ನು ಪಡೆಯುವುದು. ಆಗ ಸೊನ್ನೆಯಿಂದ ಎಣಿಸಿದರೂ ಅಡ್ಡಿಯಿಲ್ಲ. ಆದರೆ ಸೇರ್ಪಡೆಯ ಕೋರಿಕೆಯಲ್ಲಿ ಕಳಿಸುವ ಸಂಖ್ಯೆಯೂ ಮರುಕಳಿಸಬಾರದು. ಲೋರಾವಾನ್ 1.0.4 ಆವೃತ್ತಿ ಅದನ್ನು ಏರುವ ಎಣಿಕೆಯಾಗಿಸಿ, ಶಾಶ್ವತ ಮೆಮೊರಿಯಲ್ಲಿ ಇಡಬೇಕೆಂದು ವಿಧಿಸಿದೆ.

ಮಾನದಂಡ ರೂಪಿಸುವ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಪುಟ್ಟ ಸಾಧನಗಳಿಗೆಂದೇ 2023ರಲ್ಲಿ ಆಸ್ಕಾನ್ ಎಂಬ ಗೂಢಲಿಪಿ ವಿಧಾನವನ್ನು ಆಯ್ದುಕೊಂಡಿತು. ಮುಚ್ಚುವುದು, ಮುದ್ರೆ ಒತ್ತುವುದು ಎರಡೂ ಅದರಲ್ಲಿ ಒಟ್ಟಿಗೇ ಆಗುತ್ತವೆ. ಅದಕ್ಕೂ ಪ್ರತಿ ಸಂದೇಶಕ್ಕೆ ಮರುಕಳಿಸದ ಸಂಖ್ಯೆ ಬೇಕೇ ಬೇಕು.

ಖರೀದಿಸುವವರು ಮಾರುವವರನ್ನು ಎರಡು ಪ್ರಶ್ನೆ ಕೇಳಲಿ: ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ಕೀಲಿ ಇದೆಯೇ? ಕರೆಂಟ್ ಹೋಗಿ ಬಂದ ಮೇಲೆ ಎಣಿಕೆ ಏನಾಗುತ್ತದೆ? ಎರಡನೆಯದನ್ನು ಅಲ್ಲೇ ಪರೀಕ್ಷಿಸಬಹುದು. ಬ್ಯಾಟರಿಯನ್ನೋ ಕರೆಂಟನ್ನೋ ತೆಗೆದು ಮತ್ತೆ ಕೊಟ್ಟು, ಸರ್ವರ್‌ನ ಪರದೆಯಲ್ಲಿ ಮುಂದಿನ ಸಂದೇಶದ ಸಂಖ್ಯೆ ನೋಡಿ. ಹೊಸ ಸೇರ್ಪಡೆ ಇಲ್ಲದೆ ಅದು ಸೊನ್ನೆಗೆ ಇಳಿದಿದ್ದರೆ ಆ ಪೆಟ್ಟಿಗೆ ಕೊಳ್ಳಬೇಡಿ.